ತಂತಿ ಕಡಿದರೂ ದೀಪ ದಾರಿ ತಪ್ಪಬಾರದು

ಕಳೆದ ಮಳೆಗಾಲದ ಒಂದು ಮುಂಜಾನೆ ನಮ್ಮ ಅಕ್ಕನಿಗೆ ಇದ್ದಕ್ಕಿದ್ದಂತೆ ಬಲಗೈ ಸೋತುಹೋಯಿತು, ಮಾತು ತೊದಲಿತು. ಊರಿನ ವೈದ್ಯರು ಬಂದು ನೋಡಿ, ಇದು ಪಕ್ಷವಾತದ ಲಕ್ಷಣ, ಒಂದು ನಿಮಿಷವನ್ನೂ ಕಳೆಯದೆ ನಗರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು. ಕಾಸರಗೋಡಿನ ಹಳ್ಳಿಗಳಲ್ಲಿ ವಾಸಿಸುವ ನಮ್ಮಂಥವರಿಗೆ ದೊಡ್ಡ ಆಸ್ಪತ್ರೆ ಎಂದರೆ ದೂರದ ಮಾತು. ಹೇಗೋ ಆಂಬುಲೆನ್ಸ್ ಬಂತು. ಹೆದ್ದಾರಿಯನ್ನು ಚಾಲಕ ಬೇಗನೆ ಕ್ರಮಿಸಿದನು. ಆದರೆ ಆಸ್ಪತ್ರೆ ಇನ್ನೇನು ಎರಡು ಮೈಲಿ ಇದೆ ಎನ್ನುವಾಗ ಒಂದು ಕೂಡುರಸ್ತೆಯಲ್ಲಿ ನಮ್ಮ ಗಾಡಿ ನಿಂತುಬಿಟ್ಟಿತು.

ಮುಂದೆ ವಾಹನಗಳ ಸಾಲು. ಗಂಟೆ ಎಂಟೂವರೆ, ಕಚೇರಿಗೆ, ಶಾಲೆಗೆ ಜನ ಹೊರಡುವ ಹೊತ್ತು. ನಮ್ಮ ಮುಖ್ಯರಸ್ತೆಗೆ ಹಸಿರು ದೀಪ ಬಂದರೆ ಎಂಟು ಹತ್ತು ವಾಹನಗಳು ದಾಟುವಷ್ಟರಲ್ಲಿ ಕೆಂಪು. ಜನವೇ ಇಲ್ಲದ ಅಡ್ಡರಸ್ತೆಗೂ ಅಷ್ಟೇ ಹೊತ್ತು ಹಸಿರು. ಪೋಲೀಸಿನವರು ಯಾರೂ ಕಾಣಲಿಲ್ಲ. ಆಂಬುಲೆನ್ಸಿನ ಕೂಗಿಗೆ ದಾರಿ ಬಿಡಲು ಮುಂದಿನವರಿಗೆ ಮನಸ್ಸಿದ್ದರೂ ಜಾಗವಿರಲಿಲ್ಲ. ಆ ಒಂದೇ ಕೂಡುರಸ್ತೆಯಲ್ಲಿ ಹದಿನೆಂಟು ನಿಮಿಷ ಕಳೆದವು. ಅಕ್ಕನ ಎಡಗೈ ನಮ್ಮ ಅಂಗೈಯಲ್ಲಿತ್ತು. ಕಣ್ಣು ಮಾತ್ರ ಆ ದೀಪದ ಕಡೆಗಿತ್ತು.

ಅಕ್ಕ ಬದುಕಿ ಬಂದರು. ಮಾತು ಮರಳಿತು, ಬಲಗೈ ಪೂರ್ತಿಯಾಗಿ ಮರಳಲಿಲ್ಲ. ಅದಕ್ಕೆ ಆ ಹದಿನೆಂಟು ನಿಮಿಷಗಳೇ ಕಾರಣವೆಂದು ಹೇಳಲು ನಾವು ವೈದ್ಯರಲ್ಲ. ಆದರೆ ಆ ದೀಪ ಏಕೆ ಹಾಗೆ ವರ್ತಿಸಿತು ಎಂಬ ಪ್ರಶ್ನೆ ಮನಸ್ಸನ್ನು ಬಿಡಲಿಲ್ಲ. ಕೆಲವು ತಿಂಗಳ ಬಳಿಕ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಸಂಚಾರ ದೀಪಗಳ ದುರಸ್ತಿ, ಜೋಡಣೆಗಳೇ ಅವನ ಉದ್ಯೋಗ. ಸಂಗತಿಯನ್ನು ಹೇಳಿದೆವು. ದಿನ, ಹೊತ್ತು, ಜಾಗಗಳನ್ನು ಕೇಳಿಕೊಂಡು ಹೋದವನು ಒಂದು ವಾರದ ಮೇಲೆ ಮತ್ತೆ ಬಂದು ಹೇಳಿದನು:

"ಮಾಷ್ಟ್ರೇ, ಆ ದೀಪಕ್ಕೆ ಆವಾಗ ನಡುರಾತ್ರಿಯಾಗಿತ್ತು."

ನಾವು ಅರ್ಥವಾಗದೆ ನೋಡಿದೆವು. ಅವನು ವಿವರಿಸಿದನು. ಹಿಂದಿನ ರಾತ್ರಿಯ ಸಿಡಿಲು ಮಳೆಗೆ ಆ ಕೂಡುರಸ್ತೆಯ ವಿದ್ಯುತ್ತು ಹೋಗಿತ್ತು. ಕೇಂದ್ರ ನಿಯಂತ್ರಣ ಕೊಠಡಿಯೊಡನೆ ಇದ್ದ ಸಂಪರ್ಕವೂ ಕಡಿದಿತ್ತು. ಬೆಳಗ್ಗೆ ಆರಕ್ಕೆ ವಿದ್ಯುತ್ತು ಬಂತು, ಸಂಪರ್ಕ ಬರಲಿಲ್ಲ. ದೀಪದ ಪೆಟ್ಟಿಗೆಯೊಳಗಿನ ಗಡಿಯಾರಕ್ಕೆ ಆಧಾರವಾದ ಸಣ್ಣ ಬ್ಯಾಟರಿ ಎಂದೋ ಸತ್ತಿತ್ತು. ಅದನ್ನು ಯಾರೂ ನೋಡಿರಲಿಲ್ಲ. ಹಾಗಾಗಿ ಗಡಿಯಾರ ಸೊನ್ನೆ ಗಂಟೆಯಿಂದ ಎಣಿಕೆ ಆರಂಭಿಸಿತು. ನಾವು ಅಲ್ಲಿ ನಿಂತಿದ್ದ ಎಂಟೂವರೆ ಗಂಟೆ ಆ ಪೆಟ್ಟಿಗೆಯ ಲೆಕ್ಕದಲ್ಲಿ ರಾತ್ರಿಯ ಎರಡೂವರೆ. ನಿರ್ಜನ ಬೀದಿಗೆಂದು ಬರೆದಿಟ್ಟ ಯೋಜನೆಯನ್ನು ಅದು ನಿಷ್ಠೆಯಿಂದ ನಡೆಸುತ್ತಿತ್ತು. ದೀಪ ಕೆಟ್ಟಿರಲಿಲ್ಲ; ತನ್ನವರಿಂದ ಬೇರ್ಪಟ್ಟಿತ್ತು.

ಈ ಬೇರ್ಪಡುವಿಕೆ ಎಂದರೇನು, ಅದನ್ನು ಎದುರಿಸಲು ತಜ್ಞರು ಏನೇನು ಉಪಾಯ ಮಾಡಿದ್ದಾರೆ ಎಂಬುದನ್ನು ಅಂದಿನಿಂದ ಓದಿ, ಕೇಳಿ ತಿಳಿದುಕೊಂಡಷ್ಟನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ನಮ್ಮ ಮನೆಗಳ ಮಕ್ಕಳು ಓದಿಗೂ ಉದ್ಯೋಗಕ್ಕೂ ನಗರಗಳಿಗೆ ಹೋಗುತ್ತಿರುವ ಈ ಕಾಲದಲ್ಲಿ, ದಿನಕ್ಕೆ ಹತ್ತು ಸಲ ಅವರನ್ನು ನಿಲ್ಲಿಸಿ ಕಳುಹಿಸುವ ಈ ದೀಪದ ಒಳಗುಟ್ಟನ್ನು ನಾವು ಅರಿತಿರುವುದು ಒಳ್ಳೆಯದು.

ಗ್ಯಾಸಿನ ದೀಪದಿಂದ ಗಣಕಯಂತ್ರದ ವರೆಗೆ

ರಸ್ತೆಯ ಸಂಕೇತ ದೀಪ ಹುಟ್ಟಿದ್ದು ರೈಲಿನ ಸಂಕೇತದ ಅನುಕರಣೆಯಾಗಿ. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಎದುರು ಜೆ. ಪಿ. ನೈಟ್ ಎಂಬ ರೈಲ್ವೆ ಇಂಜಿನಿಯರನು ಕೈಮರದಂಥ ಒಂದು ಕಂಬವನ್ನು ನಿಲ್ಲಿಸಿದನು. ಹಗಲಿಗೆ ಏರಿಳಿಯುವ ತೋಳುಗಳು. ಇರುಳಿಗೆ ಕೆಂಪು, ಹಸಿರು ಗ್ಯಾಸ್ ದೀಪಗಳು. ಪೋಲೀಸಿನವನೊಬ್ಬನು ಪಕ್ಕದಲ್ಲೇ ನಿಂತು ಅದನ್ನು ತಿರುಗಿಸುತ್ತಿದ್ದನು. ತಿಂಗಳು ತುಂಬುವಷ್ಟರಲ್ಲಿ, 1869ರ ಜನವರಿಯಲ್ಲಿ, ಗ್ಯಾಸ್ ಸೋರಿ ದೀಪ ಸಿಡಿದು ಆ ಪೋಲೀಸಿನವನು ಗಾಯಗೊಂಡನು. 1914ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ವಿದ್ಯುತ್ ದೀಪಗಳು ಬಂದವು. 1963ರಲ್ಲಿ ಕೆನಡಾದ ಟೊರಾಂಟೊ ನಗರ, ಅನೇಕ ಕೂಡುರಸ್ತೆಗಳ ದೀಪಗಳನ್ನು ಒಂದೇ ಗಣಕಯಂತ್ರದ ಅಧೀನಕ್ಕೆ ತಂದು ಹೊಸ ಯುಗವನ್ನು ತೆರೆಯಿತು.

ಒಂದೊಂದು ದೀಪವೂ ತನ್ನಷ್ಟಕ್ಕೆ ಉರಿಯುತ್ತಿದ್ದರೆ ಸಾಲದೇ? ಸಾಲದು. ಎರಡು ಕೂಡುರಸ್ತೆಗಳ ನಡುವೆ 500 ಮೀಟರ್ ದೂರವಿದೆ ಎಂದುಕೊಳ್ಳೋಣ. ಗಂಟೆಗೆ 36 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಅಂದರೆ ಎರಡನೆಯ ದೀಪವನ್ನು ಮುಟ್ಟಲು ಅದಕ್ಕೆ 50 ಸೆಕೆಂಡು ಬೇಕು. ಮೊದಲ ದೀಪ ಹಸಿರಾದ 50 ಸೆಕೆಂಡಿಗೆ ಎರಡನೆಯದು ಹಸಿರಾದರೆ ವಾಹನಗಳ ಗುಂಪು ನಿಲ್ಲದೆ ಸಾಗುತ್ತದೆ. ಇದನ್ನು ಹಸಿರಿನ ಅಲೆ ಎನ್ನುತ್ತಾರೆ. ಲೆಕ್ಕ ತಪ್ಪಿದರೆ ಅದೇ ಗುಂಪು ಪ್ರತಿಯೊಂದು ದೀಪದ ಬುಡದಲ್ಲೂ ನಿಂತು ಹೊಗೆ ಕಾರಬೇಕಾಗುತ್ತದೆ.

ಈ ಹೊಂದಾಣಿಕೆಯನ್ನು ಕ್ಷಣಕ್ಷಣದ ಸ್ಥಿತಿಗೆ ತಕ್ಕಂತೆ ಬದಲಾಯಿಸಲು 1970ರ ದಶಕದಲ್ಲಿ ಎರಡು ವಿಧಾನಗಳು ರೂಪುಗೊಂಡವು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಹುಟ್ಟಿದ್ದು ಸ್ಕ್ಯಾಟ್ಸ್. ಬ್ರಿಟನ್ನಿನ ಸಾರಿಗೆ ಸಂಶೋಧನಾಲಯದಲ್ಲಿ ಬೆಳೆದು ಗ್ಲಾಸ್ಗೊ ನಗರದಲ್ಲಿ ಪ್ರಯೋಗಕ್ಕೊಳಗಾದದ್ದು ಸ್ಕೂಟ್. ರಸ್ತೆಯ ಡಾಂಬರಿನಡಿ ಹೂತ ತಂತಿಯ ಸುರುಳಿ ಮೇಲೆ ವಾಹನವಿದೆಯೇ ಇಲ್ಲವೇ ಎಂಬುದನ್ನು ಅರಿಯುತ್ತದೆ. ಕೂಡುರಸ್ತೆಯ ಪೆಟ್ಟಿಗೆ ಆ ಸುದ್ದಿಯನ್ನು ಕೇಂದ್ರಕ್ಕೆ ಒಪ್ಪಿಸುತ್ತದೆ. ಕೇಂದ್ರ ಗಣಕ ಲೆಕ್ಕ ಹಾಕಿ, ಯಾವ ದಿಕ್ಕಿಗೆ ಎಷ್ಟು ಹಸಿರು ಎಂದು ತಿಳಿಸುತ್ತದೆ. ಸೆಕೆಂಡಿಗೊಮ್ಮೆ ಈ ಮಾತುಕತೆ ನಡೆಯುತ್ತಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಸುರುಳಿಯ ಜಾಗಕ್ಕೆ ಅನೇಕ ಕಡೆ ಕ್ಯಾಮರಾ ಬಂದಿದೆ. ತಾಮ್ರದ ತಂತಿಯ ಜಾಗಕ್ಕೆ ಗಾಜಿನೆಳೆ ಅಥವಾ ಮೊಬೈಲ್ ಜಾಲ ಬಂದಿದೆ. ಮಾತುಕತೆ ಮಾತ್ರ ಅದೇ.

ನಮ್ಮ ದೇಶದಲ್ಲೂ ಇಂಥ ವಿಧಾನವಿದೆ ಎಂಬುದು ಸಂತೋಷದ ಸಂಗತಿ. ಸಿ-ಡ್ಯಾಕ್ ಸಂಸ್ಥೆಯ ತಿರುವನಂತಪುರ ಕೇಂದ್ರದಲ್ಲಿ ರೂಪುಗೊಂಡ ಕೊಸಿಕಾಸ್ಟ್ ಎಂಬ ವಿಧಾನವನ್ನು 2024ರಿಂದ ಬೆಂಗಳೂರಿನ ಕೂಡುರಸ್ತೆಗಳಲ್ಲಿ ಅಳವಡಿಸಲಾಯಿತು. ನಮ್ಮ ಪಟ್ಟಣಗಳಿಗಿಂತ ಬಹಳ ಹೆಚ್ಚು ವಾಹನಗಳಿರುವ ಊರದು. 1956ರಲ್ಲಿ ನಾವು ಸೇರಿದ ರಾಜ್ಯದ ರಾಜಧಾನಿಯಲ್ಲಿ ಹುಟ್ಟಿದ ಲೆಕ್ಕಾಚಾರ, ನಮ್ಮ ನುಡಿಯ ರಾಜಧಾನಿಯ ಬೀದಿಯಲ್ಲಿ ದೀಪ ನಡೆಸುತ್ತಿದೆ ಎಂದರೆ ಗಡಿನಾಡಿನವರಾದ ನಮಗೆ ಎರಡು ಕಡೆಯಿಂದಲೂ ಅಭಿಮಾನ.

ಸಂಪರ್ಕ ಕಡಿದಾಗ

ಮಾತುಕತೆಯನ್ನು ನಂಬಿದ ವ್ಯವಸ್ಥೆಗೆ ಮೌನವೇ ದೊಡ್ಡ ಶತ್ರು. ನೀರಿನ ಕೊಳವೆಗೆಂದು ಗುಂಡಿ ತೋಡುವವರ ಹಾರೆಗೆ ತಂತಿ ಸಿಕ್ಕಬಹುದು, ಸಿಡಿಲು ಬಡಿಯಬಹುದು, ಜಾತ್ರೆ ಮೆರವಣಿಗೆಗಳ ದಿನ ಮೊಬೈಲ್ ಜಾಲ ಕಿಕ್ಕಿರಿದು ಸಂದೇಶ ತಡವಾಗಬಹುದು, ಕೇಂದ್ರದ ಗಣಕವೇ ಕೆಡಬಹುದು. ಇವನ್ನು ಪೂರ್ತಿಯಾಗಿ ತಪ್ಪಿಸಲು ಯಾರಿಂದಲೂ ಆಗದು. ಆದುದರಿಂದ ಬಲ್ಲ ಇಂಜಿನಿಯರು, ಸಂಪರ್ಕ ಕಡಿಯದಂತೆ ಏನು ಮಾಡಲಿ ಎಂದಷ್ಟೇ ಯೋಚಿಸುವುದಿಲ್ಲ. ಕಡಿದ ಮೇಲೆ ಪೆಟ್ಟಿಗೆ ಏನು ಮಾಡಬೇಕು ಎಂಬುದನ್ನು ಮೊದಲೇ ಬರೆದಿಡುತ್ತಾನೆ.

ನಮಗೆ ಇದು ಕೂಡಲೇ ಅರ್ಥವಾಯಿತು. ಏಕೆಂದರೆ ಮೂರು ದಶಕಗಳಿಂದ ನಾವು ಮಾಡುತ್ತ ಬಂದಿರುವ ಕೆಲಸವೂ ಅದೇ. ಮಲೆಯ ಮಗ್ಗುಲಿನ ಕನ್ನಡ ಶಾಲೆಗೆ ಸುತ್ತೋಲೆ ತಡವಾಗಿ ಬರುತ್ತದೆ. ಕೆಲವೊಮ್ಮೆ ಕನ್ನಡದಲ್ಲಿ ಬರುವುದೇ ಇಲ್ಲ. ಪಠ್ಯಪುಸ್ತಕ ಬರುವಾಗ ಕೆಲವು ವರ್ಷ ಓಣಂ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ. ಹಾಗೆಂದು ಗಂಟೆ ಬಾರಿಸದೆ ಇರಲಾದೀತೇ? ಮೇಲಿನಿಂದ ಮಾತು ಬಾರದ ದಿನ ಶಾಲೆ ಹೇಗೆ ನಡೆಯಬೇಕು ಎಂಬುದು ಶಾಲೆಯೊಳಗೇ ಬರೆದಿರಬೇಕು.

ಇಳಿಯುವ ಮೆಟ್ಟಿಲುಗಳು

ಸಿಡ್ನಿಯ ವಿಧಾನದಲ್ಲಿ ಈ ಬರವಣಿಗೆ ಮೆಟ್ಟಿಲು ಮೆಟ್ಟಿಲಾಗಿದೆ. ಮೇಲಿನ ಮೆಟ್ಟಿಲಲ್ಲಿ ಪೆಟ್ಟಿಗೆ ಕೇಂದ್ರದ ಮಾತು ಕೇಳಿ ನಡೆಯುತ್ತದೆ. ಸಂಪರ್ಕ ಕಡಿದರೆ ಒಂದು ಮೆಟ್ಟಿಲು ಇಳಿದು, ತನ್ನೊಳಗೆ ಬರೆದಿಟ್ಟ ಹೊತ್ತುಹೊತ್ತಿನ ಯೋಜನೆಯಂತೆ ನಡೆಯುತ್ತದೆ. ಬೆಳಗಿನ ದಟ್ಟಣೆಗೆ ಒಂದು ಯೋಜನೆ, ಮಧ್ಯಾಹ್ನಕ್ಕೊಂದು, ಇರುಳಿಗೊಂದು. ನೆರೆಯ ಪೆಟ್ಟಿಗೆಗಳಲ್ಲೂ ಸರಿಯಾದ ಗಡಿಯಾರವಿರುವುದರಿಂದ, ಪರಸ್ಪರ ಮಾತಿಲ್ಲದೆಯೇ ಹಸಿರಿನ ಅಲೆ ಮುಂದುವರಿಯುತ್ತದೆ. ಇದಕ್ಕೆ ಫ್ಲೆಕ್ಸಿಲಿಂಕ್ ಎಂದು ಹೆಸರು. ಬ್ರಿಟನ್ನಿನಲ್ಲಿ ಇಂಥದನ್ನೇ ತಂತಿಯಿಲ್ಲದ ಜೋಡಣೆ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅದೂ ಆಗದಿದ್ದರೆ ಇನ್ನೊಂದು ಮೆಟ್ಟಿಲು ಇಳಿದು, ಪೆಟ್ಟಿಗೆ ತನ್ನ ರಸ್ತೆಯ ಸುರುಳಿಗಳನ್ನಷ್ಟೇ ನಂಬಿ ಒಂಟಿಯಾಗಿ ನಡೆಯುತ್ತದೆ. ವಾಹನ ಬಂದ ಕಡೆಗೆ ಹಸಿರು. ಎಲ್ಲವೂ ಕೈಕೊಟ್ಟರೆ ಕಟ್ಟಕಡೆಯ ಮೆಟ್ಟಿಲು ಮಿನುಗುವ ಹಳದಿ: ನನ್ನನ್ನು ನಂಬಬೇಡಿ, ನೀವೇ ನೋಡಿ ದಾಟಿ ಎಂಬ ಎಚ್ಚರಿಕೆ.

ಇಲ್ಲೊಂದು ಸೂಕ್ಷ್ಮವಿದೆ. ಒಂದು ಸಾಲಿನ ಐದು ದೀಪಗಳಲ್ಲಿ ಒಂದು ಮಾತ್ರ ಸಂಪರ್ಕ ಕಳೆದುಕೊಂಡರೆ, ಉಳಿದ ನಾಲ್ಕು ಕೇಂದ್ರದ ತಾಳಕ್ಕೂ ಆ ಒಂದು ತನ್ನ ತಾಳಕ್ಕೂ ಕುಣಿಯತೊಡಗಿ ಸಾಲೇ ಕೆಡುತ್ತದೆ. ಆದುದರಿಂದ ಸ್ಕ್ಯಾಟ್ಸ್ ವಿಧಾನದಲ್ಲಿ, ಒಂದು ದೀಪ ಕೆಳಗಿಳಿದರೆ ಅದರ ಗುಂಪಿನ ಇತರ ದೀಪಗಳನ್ನೂ ಬೇಕೆಂದೇ ಅದೇ ಮೆಟ್ಟಿಲಿಗೆ ಇಳಿಸಲು ಅವಕಾಶವಿದೆ. ಒಬ್ಬನು ದಣಿದರೆ ಜೊತೆಯವರೆಲ್ಲ ಅವನ ಹೆಜ್ಜೆಗೆ ಹೆಜ್ಜೆ ಹಾಕುವಂತೆ. ಒಂಟಿಯ ಜಾಣತನಕ್ಕಿಂತ ಗುಂಪಿನ ಹೊಂದಿಕೆ ಅಲ್ಲಿ ಲಾಭದಾಯಕ.

ಇನ್ನೊಂದು ಮಾತನ್ನು ಮರೆಯಬಾರದು. ಜೀವರಕ್ಷಣೆಯ ನಿಯಮಗಳನ್ನು ಎಂದೂ ಕೇಂದ್ರದ ಕೈಗೆ ಕೊಟ್ಟಿರುವುದಿಲ್ಲ. ಹಸಿರಿನ ಕನಿಷ್ಠ ಅವಧಿ, ಹಳದಿಯ ಅವಧಿ, ಎಲ್ಲ ಕಡೆಗೂ ಕೆಂಪಿರುವ ಕ್ಷಣ, ಕಾಲ್ನಡೆಯವರು ದಾಟಲು ಬೇಕಾದ ಹೊತ್ತು, ಇವೆಲ್ಲ ಪೆಟ್ಟಿಗೆಯೊಳಗೇ ಇರುತ್ತವೆ. ಕೇಂದ್ರದಿಂದ ತಪ್ಪು ಆಜ್ಞೆ ಬಂದರೂ ಪೆಟ್ಟಿಗೆ ಹಳದಿಯನ್ನು ನುಂಗಿಬಿಡುವುದಿಲ್ಲ. ಎದುರಾಳಿ ದಿಕ್ಕುಗಳೆರಡಕ್ಕೂ ಒಮ್ಮೆಗೇ ಹಸಿರು ಬಂದರೆ ಅದನ್ನು ಹಿಡಿಯಲೆಂದೇ ಪ್ರತ್ಯೇಕವಾದ ಕಾವಲು ಭಾಗವೊಂದಿದ್ದು, ಅದು ದೀಪಗಳನ್ನು ಮಿನುಗುವ ಸ್ಥಿತಿಗೆ ತಳ್ಳಿಬಿಡುತ್ತದೆ. ಸಂಪರ್ಕ ಕಡಿದರೆ ಹೊತ್ತು ಹಾಳಾಗಬಹುದು. ಗಾಡಿಗೆ ಗಾಡಿ ಬಡಿಯಬಾರದು ಎಂಬುದೇ ಇದರ ಹಿಂದಿನ ವಿವೇಕ.

ಎಷ್ಟು ಹೊತ್ತು ಕಾಯಬೇಕು?

ಸೆಕೆಂಡಿಗೊಂದು ಸಂದೇಶ ಬರಬೇಕಾದಲ್ಲಿ ಒಂದು ಬರಲಿಲ್ಲವೆಂದರೆ ಕೂಡಲೇ ಸಂಪರ್ಕ ಕಡಿಯಿತೆಂದು ತೀರ್ಮಾನಿಸಬಹುದೇ? ಹಾಗೆ ಮಾಡಿದರೆ ಪೆಟ್ಟಿಗೆ ನಿಮಿಷಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿಯುತ್ತ, ಯಾವ ಯೋಜನೆಯೂ ನೆಲೆ ನಿಲ್ಲದೆ, ಸಂಪರ್ಕವೇ ಇಲ್ಲದ್ದಕ್ಕಿಂತ ಹೆಚ್ಚು ಕೆಡುಕಾಗುತ್ತದೆ. ಬಹಳ ಹೊತ್ತು ಕಾಯುತ್ತೇನೆಂದರೆ ಹಳೆಯ ಆಜ್ಞೆಯನ್ನೇ ಹಿಡಿದು ಒಂದು ರಸ್ತೆಯನ್ನು ಉಪವಾಸ ಕೆಡವಿದಂತಾಗುತ್ತದೆ. ಆದುದರಿಂದ ಒಂದೆರಡು ಸಂದೇಶ ತಪ್ಪಿದರೆ ಕೊನೆಯ ಆಜ್ಞೆಯಂತೆ ನಡೆಯುವುದು, ಸತತವಾಗಿ ಹಲವು ತಪ್ಪಿದರೆ ಮೆಟ್ಟಿಲಿಳಿಯುವುದು ಎಂದು ಗಡುವು ಇಡುತ್ತಾರೆ. ಇನ್ನೂ ಒಳ್ಳೆಯ ಉಪಾಯವೆಂದರೆ, ಕೇಂದ್ರವು ಈ ಕ್ಷಣದ ಆಜ್ಞೆಯನ್ನಷ್ಟೇ ಅಲ್ಲದೆ ಮುಂದಿನ ಕೆಲವು ಸುತ್ತುಗಳ ಯೋಜನೆಯನ್ನೂ ಜೊತೆಗೆ ಕಳುಹಿಸುವುದು. ವಾರದ ಪಾಠ ಟಿಪ್ಪಣಿ ಮೇಜಿನ ಮೇಲಿದ್ದರೆ ಅಧ್ಯಾಪಕರು ರಜೆಯಲ್ಲಿದ್ದ ಎರಡು ದಿನವೂ ತರಗತಿ ನಡೆದೇ ತೀರುತ್ತದಲ್ಲವೇ?

ತಡವಾಗಿ ಬರುವ ಸಂದೇಶ ಬಾರದ ಸಂದೇಶಕ್ಕಿಂತಲೂ ಅಪಾಯಕಾರಿ. ಒಮ್ಮೆ ನಮ್ಮ ಶಾಲೆಗೆ, ಬರುವ ಶುಕ್ರವಾರ ರಜೆಯೆಂಬ ಸುತ್ತೋಲೆ ಆ ಶುಕ್ರವಾರ ಕಳೆದ ಸೋಮವಾರ ತಲಪಿತು. ಮೇಲಿನ ದಿನಾಂಕವನ್ನು ನೋಡದೆ ಇರುತ್ತಿದ್ದರೆ ಮುಂದಿನ ಶುಕ್ರವಾರ ಮಕ್ಕಳನ್ನು ಸುಮ್ಮನೆ ಮನೆಯಲ್ಲಿ ಕೂರಿಸುತ್ತಿದ್ದೆವು. ದೀಪದ ಸಂದೇಶಕ್ಕೂ ಹೀಗೆಯೇ ಹೊತ್ತಿನ ಮುದ್ರೆ, ಕ್ರಮಸಂಖ್ಯೆ ಇರಬೇಕು. ಹಳಸಿದ್ದನ್ನು ಪೆಟ್ಟಿಗೆ ಎಸೆದುಬಿಡಬೇಕು.

ಮೂರನೆಯದು ಮೌನದ ಅರ್ಥ. ಒಂದು ರಸ್ತೆಯ ಸುರುಳಿಯಿಂದ ಸುದ್ದಿಯೇ ಇಲ್ಲ ಎಂದರೆ ಅಲ್ಲಿ ವಾಹನವಿಲ್ಲವೆಂದೇ, ಅಥವಾ ಸುರುಳಿ ಸತ್ತಿದೆಯೆಂದೇ? ಹಾಜರಿ ಪುಸ್ತಕದ ಖಾಲಿ ಚೌಕವನ್ನು ಕಂಡಾಗ ನಾವು, ಹುಡುಗ ಬಂದಿಲ್ಲವೋ ಹೆಸರು ಕರೆದೇ ಇಲ್ಲವೋ ಎಂದು ವಿಚಾರಿಸುವುದಿಲ್ಲವೇ, ಹಾಗೆ. ಸುರುಳಿ ಕೆಟ್ಟಿದೆ ಎಂದು ಕಂಡರೆ ಆ ರಸ್ತೆಯಲ್ಲಿ ಯಾವಾಗಲೂ ವಾಹನವಿದೆ ಎಂದು ಭಾವಿಸಿಯೇ ಹಸಿರನ್ನು ಕೊಡುವುದು ರೂಢಿ. ಕೆಲವು ಸೆಕೆಂಡು ವ್ಯರ್ಥವಾದೀತು. ಆದರೆ ಯಾವ ರಸ್ತೆಯವನೂ ಕೆಂಪಿನ ಮುಂದೆ ಗಂಟೆಗಟ್ಟಲೆ ನಿಲ್ಲಬೇಕಾಗದು. ಹೇಳಿಕೊಳ್ಳಲಾರದವನ ಪಾಲನ್ನು ಕಸಿಯಬಾರದೆಂಬ ಈ ನಿಯಮ ನಮ್ಮ ಮನಸ್ಸಿಗೆ ಬಹಳ ಹಿಡಿಸಿತು.

ಗಡಿಯಾರದ ಮಹಿಮೆ

ಎರಡನೆಯ ಮೆಟ್ಟಿಲು ನಿಂತಿರುವುದು ಗಡಿಯಾರದ ಮೇಲೆ. ಒಳ್ಳೆಯದೆನಿಸಿದ ಗಡಿಯಾರವೊಂದು ಹತ್ತು ಲಕ್ಷ ಸೆಕೆಂಡಿಗೆ 20 ಸೆಕೆಂಡು ತಪ್ಪುತ್ತದೆ ಎಂದುಕೊಳ್ಳೋಣ. ದಿನಕ್ಕೆ 86,400 ಸೆಕೆಂಡು. ಹಾಗಾದರೆ ದಿನಕ್ಕೆ ಸುಮಾರು 1.7 ಸೆಕೆಂಡಿನ ತಪ್ಪು. ಅಲ್ಪವೆಂದು ತೋರುತ್ತದೆ. ಆದರೆ 30 ದಿನಕ್ಕೆ ಅದು ಸುಮಾರು 52 ಸೆಕೆಂಡು. ದೀಪದ ಒಂದು ಸುತ್ತು 100 ಸೆಕೆಂಡಾಗಿದ್ದರೆ, ತಿಂಗಳೊಳಗೆ ಹಸಿರಿರಬೇಕಾದ ಹೊತ್ತಿಗೆ ಕೆಂಪು ಬಂದು ಹಸಿರಿನ ಅಲೆ ಕೆಂಪಿನ ಅಲೆಯಾಗುತ್ತದೆ. ಹಿಂದೆ ಇದಕ್ಕಾಗಿ ವಿದ್ಯುತ್ ಸರಬರಾಜಿನ ಕಂಪನವನ್ನೇ ಎಲ್ಲ ಪೆಟ್ಟಿಗೆಗಳಿಗೂ ಸಮಾನ ತಾಳವಾಗಿ ಬಳಸುತ್ತಿದ್ದರು. ಈಗ ಉಪಗ್ರಹಗಳಿಂದ ಬರುವ ಹೊತ್ತನ್ನು ಹಿಡಿದು ತಿದ್ದಿಕೊಳ್ಳುವ ಪೆಟ್ಟಿಗೆಗಳಿವೆ.

ಉಪಗ್ರಹದ ಹೊತ್ತೂ ಕಣ್ಣುಮುಚ್ಚಿ ನಂಬುವಂಥದಲ್ಲ. ಜಿಪಿಎಸ್ ವ್ಯವಸ್ಥೆಯ ಮೂಲ ಸಂಕೇತ ವಾರಗಳನ್ನು 0ಯಿಂದ 1023ರ ವರೆಗೆ ಎಣಿಸಿ ಮತ್ತೆ 0ಗೆ ಮರಳುತ್ತದೆ. ಮೋಟಾರಿನ ಮೈಲಿಮಾಪಕ 99,999 ಆದ ಮೇಲೆ ಸೊನ್ನೆಯಾಗುವಂತೆ. 1024 ವಾರವೆಂದರೆ ಹತ್ತೊಂಬತ್ತೂವರೆ ವರ್ಷಕ್ಕೆ ತುಸು ಹೆಚ್ಚು. 1999ರ ಆಗಸ್ಟಿನಲ್ಲಿ ಒಮ್ಮೆ, 2019ರ ಏಪ್ರಿಲ್ 6ರಂದು ಮತ್ತೊಮ್ಮೆ ಈ ಎಣಿಕೆ ಮಗುಚಿತು. ದಿನ ಮೊದಲೇ ಗೊತ್ತಿತ್ತು. ಆದರೂ 2019ರಲ್ಲಿ ನ್ಯೂಯಾರ್ಕ್ ನಗರಾಡಳಿತದ ಸ್ವಂತ ನಿಸ್ತಂತು ಜಾಲ ಅದರಿಂದಾಗಿ ಹಲವು ದಿನ ಸ್ತಬ್ಧವಾಯಿತು; ಸಂಚಾರ ದೀಪಗಳ ಯೋಜನೆಯನ್ನು ದೂರದಿಂದ ಬದಲಾಯಿಸುವ ಸೌಕರ್ಯಕ್ಕೂ ಅಡ್ಡಿಯಾಯಿತು. ಕೋಟಿಗಟ್ಟಲೆ ಹಣದ ಜಾಲವನ್ನು ಕೆಡವಲು ಒಂದು ಸೊನ್ನೆ ಸಾಕಾಯಿತು.

ಅದಕ್ಕೂ ಹತ್ತು ವರ್ಷ ಹಿಂದೆ, 2009ರ ನವೆಂಬರಿನಲ್ಲಿ, ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ನೆರೆಯ ಮಾಂಟ್ಗೊಮರಿ ಕೌಂಟಿಯಲ್ಲಿ ನಡೆದ ಪ್ರಸಂಗ ಇನ್ನೂ ಬೋಧಪ್ರದ. ಮೂರು ದಶಕಗಳಷ್ಟು ಹಳೆಯದಾದ ಕೇಂದ್ರ ಗಣಕವು ಕೆಟ್ಟು, ಸುಮಾರು 750 ದೀಪಗಳು ಎರಡು ದಿನ ಪರಸ್ಪರ ಹೊಂದಾಣಿಕೆ ಕಳೆದುಕೊಂಡವು. ಒಂದು ದೀಪವೂ ಆರಿರಲಿಲ್ಲ. ಎಲ್ಲವೂ ಉರಿಯುತ್ತಿದ್ದವು. ಆದರೆ ಬೆಳಗಿನ ಮತ್ತು ಸಂಜೆಯ ದಟ್ಟಣೆಗೆ ಬೇಕಾದ ಉದ್ದದ ಹಸಿರನ್ನು ಕೊಡಿರೆಂದು ಹೇಳುವ ಕೇಂದ್ರ ಮೌನವಾಗಿತ್ತು. ಹೀಗಾಗಿ ಸಾವಿರಾರು ಜನ ಬೀದಿಯಲ್ಲೇ ಸಿಕ್ಕಿಬಿದ್ದರು. ನಮ್ಮ ಅಕ್ಕ ಸಿಕ್ಕಿಬಿದ್ದದ್ದೂ ಇಂಥದೇ ಬಲೆಯಲ್ಲಿ. ದೀಪ ಉರಿಯುತ್ತಿದೆ ಎಂಬುದು ದೀಪ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಮರಳುವ ಬಗೆ, ನೆರೆಯ ಬಲ

ಸಂಪರ್ಕ ಮರಳಿದಾಗಲೂ ಜಾಗ್ರತೆ ಬೇಕು. ಪೆಟ್ಟಿಗೆ ಥಟ್ಟನೆ ಕೇಂದ್ರದ ತಾಳಕ್ಕೆ ಹಾರಿದರೆ, ಅರ್ಧ ದಾಟಿದ ಸಾಲನ್ನು ಕತ್ತರಿಸಿದಂತಾಗಿ ಹೊಸ ಗೊಂದಲ ಹುಟ್ಟುತ್ತದೆ. ಆದುದರಿಂದ ಪ್ರತಿ ಸುತ್ತಿಗೂ ಕೆಲವೇ ಸೆಕೆಂಡು ಕೂಡಿಸಿ ಅಥವಾ ಕಳೆದು, ಕೆಲವು ಸುತ್ತುಗಳಲ್ಲಿ ಮೆಲ್ಲನೆ ಹೊಂದಿಕೊಳ್ಳುವ ಕ್ರಮವಿದೆ. ಬಹಳ ದಿನ ಜ್ವರದಲ್ಲಿದ್ದು ಬಂದ ಹುಡುಗನಿಗೆ ಮೊದಲ ದಿನವೇ ಬಿಟ್ಟುಹೋದ ಪಾಠವನ್ನೆಲ್ಲ ತುರುಕಲಾಗದಷ್ಟೇ.

ಇತ್ತೀಚಿನ ವಿದ್ವಾಂಸರಲ್ಲಿ ಕೆಲವರು ಬೇರೆಯೇ ಮಾರ್ಗ ಹಿಡಿದಿದ್ದಾರೆ. ಎಲ್ಲವನ್ನೂ ದೂರದ ಕೇಂದ್ರವೇ ಏಕೆ ಹೇಳಬೇಕು, ನೆರೆಹೊರೆಯ ಪೆಟ್ಟಿಗೆಗಳೇ ಮಾತಾಡಿಕೊಂಡರೆ ಸಾಲದೇ ಎಂಬುದು ಅವರ ವಾದ. ಭಾರತದಲ್ಲಿ ಹುಟ್ಟಿ ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಪ್ರವೀಣ್ ವರೈಯಾ ಅವರು 2013ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಪ್ರತಿಯೊಂದು ಕೂಡುರಸ್ತೆಯೂ ತನ್ನ ಮುಂದಿನ ಸಾಲು ಎಷ್ಟುದ್ದ, ಆಚೆಗಿನ ಸಾಲು ಎಷ್ಟುದ್ದ ಎಂಬುದನ್ನಷ್ಟೇ ನೋಡಿ, ವ್ಯತ್ಯಾಸ ಹೆಚ್ಚಿದ್ದ ದಿಕ್ಕಿಗೆ ಹಸಿರು ಕೊಡುತ್ತದೆ. 2012ರಲ್ಲಿ ಪಿಟ್ಸ್‌ಬರ್ಗ್ ನಗರದ ಒಂಬತ್ತು ಕೂಡುರಸ್ತೆಗಳಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಇಟ್ಟ ಸರ್ಟ್ರ್ಯಾಕ್ ಎಂಬ ವಿಧಾನದಲ್ಲಿ, ನನ್ನ ಕಡೆಯಿಂದ ಇಷ್ಟು ವಾಹನ ಬರಲಿದೆ ಎಂದು ದೀಪ ತನ್ನ ಮುಂದಿನ ದೀಪಕ್ಕೆ ತಿಳಿಸುತ್ತದೆ. ಇಂಥ ಕಡೆ ಒಂದು ಎಳೆ ಕಡಿದರೆ ನಷ್ಟ ಆ ನೆರೆಗಷ್ಟೇ ಸೀಮಿತ, ಊರೇ ಕುರುಡಾಗುವುದಿಲ್ಲ.

ಕೊನೆಯ ಮೆಟ್ಟಿಲು ನಾವೇ

ದೀಪದ ಮೆಟ್ಟಿಲುಗಳೆಲ್ಲ ಮುಗಿದಲ್ಲಿ ಮನುಷ್ಯನ ಮೆಟ್ಟಿಲು ಶುರುವಾಗುತ್ತದೆ. ಹಳದಿ ಮಿನುಗುತ್ತಿದ್ದರೆ ವೇಗ ತಗ್ಗಿಸಿ ನೋಡಿ ಸಾಗಬೇಕು. ಕೆಂಪು ಮಿನುಗುತ್ತಿದ್ದರೆ ಪೂರ್ತಿ ನಿಂತು, ದಾರಿ ತೆರವಾದ ಮೇಲೆ ಸಾಗಬೇಕು. ಪೋಲೀಸಿನವರು ಕೈಸನ್ನೆ ಮಾಡುತ್ತಿದ್ದರೆ ದೀಪಕ್ಕಿಂತ ಅವರ ಕೈಯೇ ಮೇಲು. ಯಾವ ನಿಯಂತ್ರಣವೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಮ್ಮ ದೇಶದ ರಸ್ತೆ ನಿಯಮ. ಇದನ್ನು ನಾವು ಏಳನೆಯ ತರಗತಿಯ ಮಕ್ಕಳನ್ನು ಅಂಗಳದಲ್ಲಿ ನಾಲ್ಕು ಸಾಲಾಗಿ ನಿಲ್ಲಿಸಿ ಆಡಿಸಿ ನೋಡಿದ್ದೇವೆ. ಮೊದಲ ಸಲ ಎಲ್ಲರೂ ಒಮ್ಮೆಗೇ ನುಗ್ಗಿ ನಡುವೆ ಸಿಕ್ಕಿಕೊಂಡರು. ನಿಯಮ ಹೇಳಿಕೊಟ್ಟ ಮೇಲೆ ಗಂಟೆಯೂ ಇಲ್ಲದೆ, ಗದರಿಕೆಯೂ ಇಲ್ಲದೆ ಸಾಲುಗಳು ಸರಾಗವಾಗಿ ದಾಟಿದವು.

ನಮ್ಮ ಹಳೆಯ ವಿದ್ಯಾರ್ಥಿ ಹೋಗುವಾಗ ಅಕ್ಕನ ಕಾಲು ಮುಟ್ಟಿ ನಮಸ್ಕರಿಸಿದನು. ತನಗೆ ಸಂಬಂಧಿಸಿದ ಪೆಟ್ಟಿಗೆಗಳ ಬ್ಯಾಟರಿಯನ್ನು ಮಳೆಗಾಲಕ್ಕೆ ಮುಂಚೆ ತಾನೇ ನಿಂತು ಪರೀಕ್ಷಿಸುವ ಕ್ರಮವನ್ನು ಆರಂಭಿಸಿದ್ದೇನೆ ಎಂದನು. ಅಕ್ಕ ಎಡಗೈಯಿಂದ ಅವನ ತಲೆ ಸವರಿ, "ಗಡಿಯಾರ ಸರಿ ಇಟ್ಟುಕೊಳ್ಳು ಮಗಾ" ಎಂದರು.

ಗಡಿನಾಡಿನ ನಮ್ಮ ಮನೆಗಳಿಗೂ ಅವರ ಮಾತು ಸಲ್ಲುತ್ತದೆ ಎಂದು ನಮಗೆ ಅನಿಸಿತು. ರಾಜಧಾನಿ ದೂರವಿದೆ, ಅಲ್ಲಿಂದ ಬರುವ ಮಾತು ಆಗಾಗ ಕಡಿಯುತ್ತದೆ. ಕಡಿಯದಿರಲಿ ಎಂದು ಕೇಳುವುದು ನಮ್ಮ ಹಕ್ಕು. ಅದನ್ನು ಕೇಳುತ್ತಲೇ ಇರೋಣ. ಆದರೆ ಕಡಿದ ದಿನವೂ ಮನೆಯೊಳಗೆ ಮಕ್ಕಳೊಡನೆ ಕನ್ನಡದ ಮಾತು, ಶಾಲೆಯೊಳಗೆ ಕನ್ನಡದ ಪಾಠ ಹೊತ್ತಿಗೆ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ನಾಳೆ ಬೆಳಗ್ಗೆ ಒಂಬತ್ತೂಮುಕ್ಕಾಲಕ್ಕೆ ನಮ್ಮ ಶಾಲೆಯ ಗಂಟೆ ಎಂದಿನಂತೆ ಬಾರಿಸುತ್ತದೆ.